ಎಷ್ಟು ಸಾಲು ಬಂದೀತು?

ಡೇಟಾಬೇಸ್ ಬದಲಾಯಿಸಿದ ಆಫೀಸುಗಳಲ್ಲಿ ಮೊದಲ ಕೆಲವು ದಿನ ಎಲ್ಲರ ಮುಖವೂ ಅರಳಿರುತ್ತದೆ. ಸ್ಕ್ರೀನುಗಳು ಪಟಪಟನೆ ತೆರೆಯುತ್ತವೆ, ಎಂಟ್ರಿ ಸೇರುತ್ತದೆ, ರಸೀದಿ ಅಚ್ಚಾಗುತ್ತದೆ. ದೂರು ಹುಟ್ಟುವುದು ತಿಂಗಳ ಕೊನೆಗೆ, ರಿಪೋರ್ಟ್ ತೆಗೆಯುವ ಹೊತ್ತಿಗೆ. ಸ್ಕ್ರೀನಿಗೆ ಬೇಕಾದದ್ದು ಒಬ್ಬರ ಒಂದೆರಡು ಸಾಲು; ನಂಬರ್ ಕೊಟ್ಟರೆ ಯಾವ ಡೇಟಾಬೇಸ್ ಆದರೂ ಇಂಡೆಕ್ಸ್ ಹಿಡಿದು ತಕ್ಷಣ ತಂದುಕೊಡುತ್ತದೆ. ರಿಪೋರ್ಟಿಗೆ ವರ್ಷಗಟ್ಟಲೆಯ ಲೆಕ್ಕ ಬೇಕು, ಹತ್ತು ಟೇಬಲ್ ಸೇರಬೇಕು, ಗುಂಪು ಕಟ್ಟಿ ಮೊತ್ತ ಹಾಕಿ ವಿಂಗಡಿಸಬೇಕು. ಕಾಯುತ್ತ ಕೂರುವವರು ಲೆಕ್ಕಪತ್ರ ವಿಭಾಗದವರು. ಯಾವ ಡೇಟಾಬೇಸ್ ಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ಮೀಟಿಂಗುಗಳಿಗೆ ಅವರನ್ನು ಯಾರೂ ಕರೆದಿರುವುದಿಲ್ಲ. ಅವರ ಮೇಲಿನ ಕಾಳಜಿಯಿಂದಲೇ ಈ ವಿಷಯ ಎತ್ತಿಕೊಂಡಿದ್ದೇನೆ.

ಮಾತಾಡಲು ಒಂದು ಉದಾಹರಣೆ ಬೇಕಲ್ಲ. ನಮ್ಮ ಕಡೆಯ ಹಾಲಿನ ವ್ಯವಹಾರವನ್ನೇ ಇಟ್ಟುಕೊಳ್ಳೋಣ, ಊಹೆಯದೊಂದು ಒಕ್ಕೂಟ. ಹಳ್ಳಿಹಳ್ಳಿಯಲ್ಲಿ ಸೊಸೈಟಿ, ದಿನಕ್ಕೆರಡು ಪಾಳಿ, ಒಬ್ಬೊಬ್ಬ ಸದಸ್ಯರ ಹಾಲಿನ ಲೀಟರು, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ). ಹದಿನೈದು ದಿನಕ್ಕೊಮ್ಮೆ ಬಟವಾಡೆ ಪಟ್ಟಿ. ಇಷ್ಟು ವರ್ಷ ಇದೆಲ್ಲ ಒರಾಕಲ್‌ನಲ್ಲಿತ್ತು, ಲೈಸೆನ್ಸಿನ ಖರ್ಚು ತಡೆಯದೆ ಪೋಸ್ಟ್‌ಗ್ರೆಸ್‌ಗೆ ಬಂದಿತು ಎಂದುಕೊಳ್ಳಿ. ಇಂಥ ವಲಸೆ ಈಗ ಎಲ್ಲೆಡೆ ನಡೆಯುತ್ತಿದೆ. ಅಮೆಜಾನ್‌ನಂಥ ಕಂಪನಿಯೇ ತನ್ನೊಳಗಿನ ಸುಮಾರು 7,500 ಒರಾಕಲ್ ಡೇಟಾಬೇಸ್‌ಗಳನ್ನು, 75 ಪೆಟಾಬೈಟ್ ಮಾಹಿತಿ ಸಮೇತ, ತನ್ನದೇ ಬೇರೆ ಡೇಟಾಬೇಸ್‌ಗಳಿಗೆ ಸಾಗಿಸಿ ಮುಗಿಸಿದ್ದಾಗಿ 2019ರಲ್ಲಿ ಪ್ರಕಟಿಸಿತು. ನಮ್ಮ ಒಕ್ಕೂಟದ ಬಟವಾಡೆ ರಿಪೋರ್ಟ್ ಮಾತ್ರ ಹಳೆಯದರಲ್ಲಿ ಚಹಾ ಕುಡಿದು ಬರುವಷ್ಟರಲ್ಲಿ ಮುಗಿಯುತ್ತಿದ್ದದ್ದು ಹೊಸದರಲ್ಲಿ ಊಟ ಮುಗಿಸಿ ಬಂದರೂ ಮುಗಿದಿಲ್ಲ. ಆಗ ಹೊರಡುವ ಮಾತು ಒಂದೇ: ದುಡ್ಡು ಕೊಡದೆ ಬಂದದ್ದು ಹೀಗೇ ಇರುವುದು.

ಈ ಮಾತನ್ನು ನಾನು ಒಪ್ಪುವುದಿಲ್ಲ. ಯಾಕೆ ಎಂದು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1970ರ ಜೂನ್‌ನಲ್ಲಿ ಐಬಿಎಂನ ಎಡ್ಗರ್ ಕಾಡ್ ಒಂದು ಪ್ರಬಂಧ ಪ್ರಕಟಿಸಿದರು. ಮಾಹಿತಿಯನ್ನು ಟೇಬಲ್‌ಗಳಾಗಿ ನೋಡೋಣ, ಅದು ಡಿಸ್ಕಿನಲ್ಲಿ ಹೇಗೆ ಕೂತಿದೆ ಎನ್ನುವುದು ಕೇಳುವವರಿಗೆ ಬೇಡ ಎಂಬುದು ಅದರ ತಿರುಳು. ಏನು ಬೇಕು ಎಂದಷ್ಟೇ ಹೇಳಿ, ಹೇಗೆ ತರಬೇಕೆಂಬುದನ್ನು ಯಂತ್ರಕ್ಕೆ ಬಿಡಿ. ಇದನ್ನು ಓದಿದಾಗಲೆಲ್ಲ ನನಗೆ ಇಂದಿಗೂ ರೋಮಾಂಚನವಾಗುತ್ತದೆ. ಆದರೆ ಮಾತು ಕೊಟ್ಟರೆ ಸಾಲದು, ಯಾರಾದರೂ ಅದನ್ನು ನಡೆಸಿಕೊಡಬೇಕು. ಐದು ಟೇಬಲ್‌ಗಳನ್ನು ಒಂದಾದ ಮೇಲೊಂದರಂತೆ ಸೇರಿಸಲು 120 ಕ್ರಮಗಳಿವೆ. ಹತ್ತಾದರೆ 36,28,800. ಹನ್ನೆರಡಾದರೆ 47 ಕೋಟಿ ದಾಟುತ್ತದೆ. ಒಂದು ಕ್ರಮದಲ್ಲಿ ಕ್ಷಣದಲ್ಲಿ ಮುಗಿಯುವ ಕೆಲಸ ಇನ್ನೊಂದರಲ್ಲಿ ಬೆಳಗಿನವರೆಗೆ ಎಳೆಯಬಹುದು. ಇವುಗಳಲ್ಲಿ ಅಗ್ಗದ್ದನ್ನು ಆರಿಸುವ ಬಗೆಯನ್ನು 1979ರಲ್ಲಿ ಐಬಿಎಂನ ಪ್ಯಾಟ್ರೀಷಿಯಾ ಸೆಲಿಂಜರ್ ಮತ್ತು ಸಂಗಡಿಗರು ಬರೆದು ಮುಂದಿಟ್ಟರು. ಹೀಗೆ ಆರಿಸುವ ಭಾಗಕ್ಕೆ ಆಪ್ಟಿಮೈಸರ್ ಎಂದು ಹೆಸರು. ಇವತ್ತಿನ ಆಪ್ಟಿಮೈಸರ್‌ಗಳಲ್ಲಿ ಬಹುಪಾಲು ಆ ದಾರಿಯಲ್ಲೇ ನಡೆಯುತ್ತಿವೆ: ಪ್ರತಿ ಹಂತದಲ್ಲಿ ಎಷ್ಟು ಸಾಲು ಬಂದೀತು ಎಂದು ಅಂದಾಜು ಮಾಡು, ಅದರ ಮೇಲೆ ಖರ್ಚು ಲೆಕ್ಕ ಹಾಕು, ಕಡಿಮೆ ಖರ್ಚಿನದನ್ನು ಹಿಡಿ. ಅಂದಾಜಿಗೆ ಆಧಾರವೇ ಇಲ್ಲದ ಕಡೆ ಏನು ಮಾಡುವುದು? 'ಇದಕ್ಕಿಂತ ಹೆಚ್ಚು' ಎಂಬ ಷರತ್ತಿಗೆ ಮೂರನೇ ಒಂದು ಪಾಲು ಸಾಲು ಬಂದೀತು ಎಂದುಕೊಳ್ಳಿ ಎಂದು ಆ ಪ್ರಬಂಧ ಹೇಳಿತ್ತು. ಆ ಮೂರನೇ ಒಂದು ಪಾಲು ಇವತ್ತಿನ ಪೋಸ್ಟ್‌ಗ್ರೆಸ್‌ನ ಕೋಡಿನಲ್ಲೂ ಹಾಗೇ ಕೂತಿದೆ.

ಅಲ್ಲಿಗೆ ಒಂದೇ ಎಸ್‌ಕ್ಯೂಎಲ್ ವಾಕ್ಯಕ್ಕೆ ಎರಡು ಡೇಟಾಬೇಸ್‌ಗಳು ಎರಡು ಬೇರೆ ದಾರಿ ಹಿಡಿಯುವುದು ಸಹಜ. ಊರಿನ ಹಳೆಯ ಶಾನುಭೋಗರು ಕಡತ ಬಿಚ್ಚದೆಯೇ ಯಾರ ಹೊಲ ಎಷ್ಟು, ಯಾರ ಬಾಕಿ ಎಷ್ಟು ಎಂದು ಹೇಳಿಬಿಡುತ್ತಿದ್ದರು. ಹೊಸದಾಗಿ ಬಂದವರು ಎಷ್ಟೇ ಬುದ್ಧಿವಂತರಾದರೂ ಮೊದಲು ಕಡತ ಓದಬೇಕು. ಒರಾಕಲ್‌ನಲ್ಲಿದ್ದಷ್ಟು ಕಾಲವೂ ಆ ರಿಪೋರ್ಟಿಗೆ ಒಬ್ಬರಲ್ಲ ಒಬ್ಬರು ಕೈಹಾಕಿ ಅದನ್ನು ತಿದ್ದಿದ್ದಾರೆ. ಒಬ್ಬರು ಯಾವ ದಾರಿ ಹಿಡಿಯಬೇಕೆಂದು ಆಪ್ಟಿಮೈಸರ್‌ಗೆ ಹೇಳುವ ಹಿಂಟ್ ಸೇರಿಸಿದರು, ಇನ್ನೊಬ್ಬರು ಟೇಬಲ್‌ಗಳ ಕ್ರಮ ಬದಲಿಸಿದರು, ಮತ್ತೊಬ್ಬರು ಇಂಡೆಕ್ಸ್ ಕಟ್ಟಿದರು. ಆ ಪರಿಚಯವೆಲ್ಲ ಹಳೆಯ ಎಂಜಿನ್ನಿನ ಜೊತೆಗಿನದು. ಒರಾಕಲ್‌ನ ಹಿಂಟನ್ನು ಕಾಮೆಂಟಿನ ರೂಪದಲ್ಲೇ ಬರೆಯುವುದರಿಂದ ಪೋಸ್ಟ್‌ಗ್ರೆಸ್ ಅದನ್ನು ಬರೀ ಕಾಮೆಂಟ್ ಎಂದು ದಾಟಿಕೊಂಡು ಹೋಗುತ್ತದೆ. ಎರರ್ ಬರುವುದಿಲ್ಲ, ಎಚ್ಚರಿಕೆಯೂ ಬರುವುದಿಲ್ಲ.

ಹಾಗಾಗಿ ರಿಪೋರ್ಟ್ ನಿಧಾನ ಎಂದ ಕೂಡಲೇ ಇಂಡೆಕ್ಸ್ ಕಟ್ಟಲು ಓಡಬೇಡಿ ಎಂಬುದು ನನ್ನ ಮೊದಲ ಮಾತು. ಎಲ್ಲಕ್ಕಿಂತ ಮೊದಲು ಆಪ್ಟಿಮೈಸರ್‌ಗೆ ಕಡತ ಓದಿಸಿ, ಅಂದರೆ ಅನಲೈಸ್ ನಡೆಸಿ. ಒರಾಕಲ್‌ನ ಅಂಕಿಅಂಶಗಳು ಮಾಹಿತಿಯ ಜೊತೆ ಸಾಗಿ ಬರುವುದಿಲ್ಲ. ಪೋಸ್ಟ್‌ಗ್ರೆಸ್ ತಾನಾಗಿ ಯಾವಾಗಲೋ ಹಿನ್ನೆಲೆಯಲ್ಲಿ ಲೆಕ್ಕ ಹಾಕಿಕೊಳ್ಳುತ್ತದೆ, ನಿಜ. ಆದರೆ ರಾತ್ರಿ ಕೋಟಿಗಟ್ಟಲೆ ಸಾಲು ತುಂಬಿ ಬೆಳಿಗ್ಗೆಯೇ ರಿಪೋರ್ಟ್ ಓಡಿಸಿದರೆ ಅದು ಕಣ್ಣು ಕಟ್ಟಿಕೊಂಡು ಹೊರಟಂತೆಯೇ. ವ್ಯಾಕ್ಯೂಮನ್ನೂ ಜೊತೆಗೇ ಮಾಡಿಸುವುದು ಒಳ್ಳೆಯದು. ಇಂಡೆಕ್ಸಿನಿಂದಲೇ ಉತ್ತರ ಕೊಡುವ ದಾರಿ ಪೂರ್ತಿ ತೆರೆದುಕೊಳ್ಳುವುದು ಅದಾದ ಮೇಲೆ.

ಅನಲೈಸ್ ಎಂದರೆ ಎಲ್ಲ ಸಾಲುಗಳನ್ನೂ ಓದುವುದಿಲ್ಲ. ಡೀಫಾಲ್ಟ್ ಸೆಟ್ಟಿಂಗಿನಲ್ಲಿ ಟೇಬಲ್ ಎಷ್ಟೇ ದೊಡ್ಡದಿರಲಿ, ಸುಮಾರು 30,000 ಸಾಲುಗಳ ಮಾದರಿ ತೆಗೆಯುತ್ತದೆ. ಪ್ರತಿ ಕಾಲಮ್ಮಿನಲ್ಲಿ ಹೆಚ್ಚು ಸಲ ಬರುವ ಬೆಲೆಗಳನ್ನು ನೂರರವರೆಗೆ ನೆನಪಿಟ್ಟುಕೊಳ್ಳುತ್ತದೆ. ಕೋಟಿ ಸಾಲಿನ ಹಾಲಿನ ಟೇಬಲ್ಲಿನಲ್ಲಿ ಎಷ್ಟು ಸದಸ್ಯರಿದ್ದಾರೆ ಎಂದು ಈ ಮಾದರಿಯಿಂದ ಊಹಿಸುವಾಗ ಸಾಮಾನ್ಯವಾಗಿ ಕಡಿಮೆ ಊಹಿಸುತ್ತದೆ. ಅಂಥ ಕಾಲಮ್ಮಿಗೆ ಮಾದರಿಯ ಗಾತ್ರ ಹೆಚ್ಚಿಸಬಹುದು, ಕಷ್ಟವೇನಿಲ್ಲ.

ಆಮೇಲೆ ಎಕ್ಸ್‌ಪ್ಲೇನ್ ಅನಲೈಸ್. ಅದು ಕ್ವೆರಿಯನ್ನು ನಿಜವಾಗಿ ಓಡಿಸಿ ಪ್ರತಿ ಹೆಜ್ಜೆಗೂ ಎರಡು ಸಂಖ್ಯೆ ತೋರಿಸುತ್ತದೆ: ಎಷ್ಟು ಸಾಲು ಬಂದೀತೆಂದು ಅಂದಾಜಿಸಿದ್ದೆ, ಎಷ್ಟು ಬಂದವು. ಬಹಳ ಜನ ನೇರವಾಗಿ ಸಮಯದ ಅಂಕಿಗೆ ಹೋಗುತ್ತಾರೆ. ನಾನು ಸಾಲುಗಳ ಅಂಕಿಯನ್ನು ಕೆಳಗಿನಿಂದ ಮೇಲಕ್ಕೆ ಓದಿ ಎನ್ನುತ್ತೇನೆ. ಅಂದಾಜು ಮತ್ತು ನಿಜ ಮೊದಲು ಬೇರೆಯಾಗುವ ಹೆಜ್ಜೆಯಲ್ಲೇ ರೋಗ ಇರುತ್ತದೆ, ನೋವು ಕಾಣಿಸಿಕೊಳ್ಳುವುದು ಮೇಲೆಲ್ಲೋ. ಲೂಪಿನ ಒಳಗಿನ ಹೆಜ್ಜೆಗಳಲ್ಲಿ ಕಾಣುವ ಅಂಕಿ ಒಂದು ಸುತ್ತಿನದು ಎಂಬುದು ನೆನಪಿರಲಿ, ಅದನ್ನು ಸುತ್ತುಗಳ ಸಂಖ್ಯೆಯಿಂದ ಗುಣಿಸಬೇಕು.

ಒಂದು ನಿದರ್ಶನ. ಜಿಲ್ಲೆ ಹಾಸನ, ತಾಲ್ಲೂಕು ಹೊಳೆನರಸೀಪುರ ಎಂದು ರಿಪೋರ್ಟ್ ಕೇಳುತ್ತದೆ. ಹೊಳೆನರಸೀಪುರ ಎಂದ ಮೇಲೆ ಹಾಸನ ಎನ್ನುವುದು ನಮಗೆ ಗೊತ್ತು. ಆಪ್ಟಿಮೈಸರ್‌ಗೆ ಗೊತ್ತಿಲ್ಲ, ಅದು ಎರಡು ಷರತ್ತುಗಳೂ ಒಂದಕ್ಕೊಂದು ಸಂಬಂಧವಿಲ್ಲದವು ಎಂದು ಭಾವಿಸಿ ಪಾಲುಗಳನ್ನು ಗುಣಿಸುತ್ತದೆ. ಕೋಟಿ ಸಾಲಿನಲ್ಲಿ ಆ ತಾಲ್ಲೂಕಿನ ಪಾಲು 50,000 ಎಂದಿಟ್ಟುಕೊಳ್ಳಿ. ನಮ್ಮ 31 ಜಿಲ್ಲೆಗಳಿಗೂ ಸಮಪಾಲು ಎಂದುಕೊಂಡರೆ ಆಪ್ಟಿಮೈಸರ್ 50,000ವನ್ನು ಮತ್ತೆ 31ರಿಂದ ಭಾಗಿಸಿ ಸುಮಾರು 1,600 ಸಾಲು ಬಂದೀತು ಎನ್ನುತ್ತದೆ. 1,600 ತಾನೇ ಎಂದು ಒಂದೊಂದು ಸಾಲಿಗೂ ಇನ್ನೊಂದು ಟೇಬಲ್ಲಿಗೆ ಹೋಗಿಬರುವ ನೆಸ್ಟೆಡ್ ಲೂಪ್ ಹಿಡಿಯುತ್ತದೆ. 50,000 ಎಂದು ಗೊತ್ತಿದ್ದರೆ ಒಂದೇ ಸಲ ಹ್ಯಾಶ್ ಕಟ್ಟಿ ಮುಗಿಸುತ್ತಿತ್ತು. 2017ರಲ್ಲಿ ಬಂದ ಪೋಸ್ಟ್‌ಗ್ರೆಸ್ 10ರಿಂದ ಇದಕ್ಕೆ ಮದ್ದಿದೆ: ಈ ಎರಡು ಕಾಲಮ್ಮುಗಳು ಒಂದನ್ನೊಂದು ಅವಲಂಬಿಸಿವೆ ಎಂದು ಕ್ರಿಯೇಟ್ ಸ್ಟಾಟಿಸ್ಟಿಕ್ಸ್ ಎಂಬ ಆಜ್ಞೆಯಿಂದ ತಿಳಿಸಿ ಮತ್ತೆ ಅನಲೈಸ್ ಮಾಡಬಹುದು. ರಿಪೋರ್ಟಿನ ಒಂದಕ್ಷರವನ್ನೂ ಮುಟ್ಟಬೇಕಿಲ್ಲ.

ಒಂದು ಹೆಜ್ಜೆಯ ತಪ್ಪು ಅಂದಾಜು ಮುಂದಿನ ಜಾಯಿನ್‌ಗಳಲ್ಲಿ ಗುಣಿಸುತ್ತ ಬೆಳೆಯುತ್ತದೆ ಎಂದು 1991ರಲ್ಲೇ ಇಯೊನಿಡಿಸ್ ಮತ್ತು ಕ್ರಿಸ್ಟೊಡೊಲಾಕಿಸ್ ಗಣಿತದಿಂದ ತೋರಿಸಿದ್ದರು. 2015ರಲ್ಲಿ ವಿಕ್ಟರ್ ಲೈಸ್ ಮತ್ತು ಸಂಗಡಿಗರು ಸಿನಿಮಾ ಮಾಹಿತಿಯ ಐಎಂಡಿಬಿ ಟೇಬಲ್‌ಗಳ ಮೇಲೆ 113 ಕ್ವೆರಿ ಓಡಿಸಿ ಪರೀಕ್ಷಿಸಿದರು. ಖರ್ಚಿನ ಸೂತ್ರ ಒರಟಾಗಿದ್ದರೂ ನಡೆಯುತ್ತದೆ, ಸಾಲುಗಳ ಅಂದಾಜು ತಪ್ಪಿದಾಗಲೇ ಕೆಡುವುದು ಎಂದು ಅವರಿಗೆ ಕಂಡುಬಂತು. ನಾನು ಸಾಲುಗಳ ಲೆಕ್ಕಕ್ಕೆ ಇಷ್ಟು ಜೋತುಬಿದ್ದಿರುವುದು ಇದೇ ಕಾರಣಕ್ಕೆ.

ಇಲ್ಲಿ ಬೆಂಗಳೂರಿನ ಮಾತೊಂದು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಜಯಂತ್ ಹರಿತ್ಸ ಅವರ ಪ್ರಯೋಗಾಲಯದಲ್ಲಿ 'ಪಿಕಾಸೊ' ಎಂಬ ಸಾಧನವೊಂದು ಹುಟ್ಟಿತು. ಒಂದು ಕ್ವೆರಿ ತೆಗೆದುಕೊಂಡು, ಎರಡು ಟೇಬಲ್‌ಗಳಿಂದ ಬರುವ ಸಾಲುಗಳ ಪಾಲನ್ನು ಅಡ್ಡಕ್ಕೂ ಉದ್ದಕ್ಕೂ ಸ್ವಲ್ಪಸ್ವಲ್ಪವೇ ಬದಲಿಸುತ್ತ, ಪ್ರತಿ ಬಿಂದುವಿನಲ್ಲೂ ಆಪ್ಟಿಮೈಸರ್ ಯಾವ ಪ್ಲಾನ್ ಆರಿಸಿತು ಎಂದು ಕೇಳಿ, ಒಂದೊಂದು ಪ್ಲಾನಿಗೆ ಒಂದೊಂದು ಬಣ್ಣ ಬಳಿಯುವುದು. ನಾಲ್ಕಾರು ಅಚ್ಚುಕಟ್ಟಾದ ವಲಯಗಳು ಬರಬಹುದೆಂದು ಯಾರಾದರೂ ಎಣಿಸುತ್ತಾರೆ. ಬಂದದ್ದು ಚೂರುಚೂರು ಬಣ್ಣಗಳ, ವಕ್ರ ಗೆರೆಗಳ, ನಡುನಡುವೆ ದ್ವೀಪಗಳ ಚಿತ್ರ, ಕ್ಯೂಬಿಸ್ಟ್ ವರ್ಣಚಿತ್ರದ ಹಾಗೆ. ಹೆಸರು ಬಂದದ್ದೂ ಅದರಿಂದಲೇ. ನವೀನ್ ರೆಡ್ಡಿ ಅವರ ಜೊತೆ ಹರಿತ್ಸ ಈ ಚಿತ್ರಗಳನ್ನು 2005ರಲ್ಲಿ ನಾರ್ವೆಯ ಟ್ರಾಂಡ್‌ಹೈಮ್‌ನ ಸಮ್ಮೇಳನದಲ್ಲಿ ಮಂಡಿಸಿದರು. ಮುಂದಿನ ಸಂಶೋಧನೆಯಲ್ಲಿ ಇನ್ನೂ ಸೊಗಸಾದ ಸಂಗತಿ ಹೊರಬಿತ್ತು: ಖರ್ಚು ಶೇಕಡ 20ರಷ್ಟು ಹೆಚ್ಚಾದರೂ ಪರವಾಗಿಲ್ಲ ಎಂದರೆ ಆ ಬಣ್ಣಗಳ ಜಾತ್ರೆಯನ್ನು ಹತ್ತರ ಆಸುಪಾಸಿನ ಪ್ಲಾನ್‌ಗಳಿಗೆ ಇಳಿಸಬಹುದು. 2014ರಲ್ಲಿ ಅಂಶುಮಾನ್ ದತ್ ಜೊತೆ ಅವರು ಮಂಡಿಸಿದ 'ಪ್ಲಾನ್ ಬೊಕೆ' ವಿಚಾರ ಅಂದಾಜನ್ನೇ ಬದಿಗಿಡುತ್ತದೆ. ಚಿಕ್ಕ ಬಜೆಟ್ ಕೊಟ್ಟು ಒಂದು ಪ್ಲಾನ್ ಓಡಿಸು, ಮುಗಿಯದಿದ್ದರೆ ನಿಲ್ಲಿಸಿ ದುಪ್ಪಟ್ಟು ಬಜೆಟ್ಟಿನ ಇನ್ನೊಂದನ್ನು ಓಡಿಸು; ಒಟ್ಟು ಖರ್ಚು ಮಿತಿ ಮೀರದೆಂದು ಗಣಿತವೇ ಭರವಸೆ ಕೊಡುತ್ತದೆ. ಇದೆಲ್ಲ ನಮ್ಮೂರಿನಲ್ಲೇ ನಡೆದದ್ದು. ಇಲ್ಲಿ ಡೇಟಾಬೇಸ್ ಕೆಲಸ ಮಾಡುವ ಎಷ್ಟೋ ಮಂದಿಗೆ ಇದು ಗೊತ್ತಿಲ್ಲ ಎನ್ನುವುದು ನನಗೆ ನಿಜವಾಗಿ ಬೇಸರದ ಸಂಗತಿ.

ಆ 2005ರ ಪ್ರಬಂಧದಲ್ಲಿ ಡೇಟಾಬೇಸ್‌ಗಳಿಗೆ ಹೆಸರಿಲ್ಲ, ಎ, ಬಿ, ಸಿ ಎಂಬ ಗುರುತುಗಳಷ್ಟೇ. ಅಳತೆಯ ಫಲಿತಾಂಶವನ್ನು ಅನುಮತಿಯಿಲ್ಲದೆ ಹೆಸರು ಹಿಡಿದು ಪ್ರಕಟಿಸಬಾರದು ಎಂಬ ನಿಬಂಧನೆ ಹಲವು ವಾಣಿಜ್ಯ ಲೈಸೆನ್ಸುಗಳಲ್ಲಿದೆ. 1980ರ ದಶಕದಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಡೇವಿಡ್ ಡಿವಿಟ್ ಅಳೆದು ಬರೆದದ್ದರಿಂದ ಹುಟ್ಟಿದ ಈ ನಿಬಂಧನೆಗೆ ಅವರ ಹೆಸರೇ ಉಳಿದಿದೆ. ವಲಸೆ ಹೊರಡುವ ಆಫೀಸಿಗೆ ಇದರ ಪರಿಣಾಮ ನೇರ: ಇದು ಅದಕ್ಕಿಂತ ಎಷ್ಟು ವೇಗ ಎಂದು ಹೊರಗಿನಿಂದ ತಿಳಿಯುವುದು ಕಷ್ಟ, ತನ್ನ ರಿಪೋರ್ಟನ್ನು ತಾನೇ ಅಳೆದುಕೊಳ್ಳಬೇಕು.

ಹಾಲಿಗೆ ಮರಳೋಣ. ನಿಧಾನದ ಇನ್ನೊಂದು ದೊಡ್ಡ ಮೂಲ ತಾರೀಖು. ಒರಾಕಲ್‌ನ ಡೇಟ್‌ನಲ್ಲಿ ಗಂಟೆ ನಿಮಿಷವೂ ಇರುತ್ತದೆ, ಹಾಗಾಗಿ ದಿನಕ್ಕೆ ಹೋಲಿಸಲು ಹಿಂದಿನವರು ಕಾಲಮ್ಮಿಗೇ ಟ್ರಂಕ್ ಫಂಕ್ಷನ್ ಹಾಕಿದ್ದಾರೆ. ಹಣಕಾಸು ವರ್ಷ ಕಂಡುಹಿಡಿಯಲು ಸ್ವಂತದ್ದೊಂದು ಫಂಕ್ಷನ್ ಬರೆದಿದ್ದಾರೆ. ಕಾಲಮ್ಮನ್ನು ಫಂಕ್ಷನ್ನಿನೊಳಗೆ ಇಟ್ಟ ಕೂಡಲೇ ಸಾಮಾನ್ಯ ಇಂಡೆಕ್ಸ್ ಉಪಯೋಗಕ್ಕೆ ಬಾರದು. ಅದಕ್ಕಿಂತ ಕೆಟ್ಟದ್ದು, ಆ ಫಂಕ್ಷನ್ನಿನ ಉತ್ತರಗಳ ಬಗ್ಗೆ ಪೋಸ್ಟ್‌ಗ್ರೆಸ್ ಬಳಿ ಯಾವ ಲೆಕ್ಕವೂ ಇಲ್ಲ. ಇನ್ನೂರರಲ್ಲಿ ಒಂದು ಪಾಲು ಬಂದೀತು ಎಂದು ಸುಮ್ಮನೆ ಅಂದುಕೊಳ್ಳುತ್ತದೆ. ಹತ್ತು ವರ್ಷದ ಟೇಬಲ್ಲಿನಲ್ಲಿ ಒಂದು ಹಣಕಾಸು ವರ್ಷ ಎಂದರೆ ಹತ್ತರಲ್ಲಿ ಒಂದು ಪಾಲು, ಇಪ್ಪತ್ತು ಪಟ್ಟು ವ್ಯತ್ಯಾಸ. ಏಪ್ರಿಲ್ 1ರಿಂದ ಆಚೆಗೆ, ಮುಂದಿನ ಏಪ್ರಿಲ್ 1ಕ್ಕಿಂತ ಮೊದಲು ಎಂದು ಕಾಲಮ್ಮನ್ನು ಬರಿದಾಗಿ ಬಿಟ್ಟು ಬರೆದರೆ ಇಂಡೆಕ್ಸೂ ಒದಗುತ್ತದೆ, ಅಂದಾಜೂ ಸರಿಹೋಗುತ್ತದೆ.

ತಾರೀಖಿನ ಜೊತೆಗೇ ಇನ್ನೊಂದು ಅಪಾಯ ಬರುತ್ತದೆ, ಅದು ವೇಗದ್ದಲ್ಲ. ಹೊಸ ಸರ್ವರ್ ಕ್ಲೌಡಿನಲ್ಲಿ ಯುಟಿಸಿ ಸಮಯದಲ್ಲಿ ಓಡುತ್ತಿರುತ್ತದೆ. ಅದರ ನಡುರಾತ್ರಿ ಎಂದರೆ ನಮಗೆ ಬೆಳಗಿನ 5:30. ಬೇರೆ ವ್ಯಾಪಾರಗಳಿಗೆ ಆ ಹೊತ್ತು ಲೆಕ್ಕಕ್ಕಿಲ್ಲದ್ದು. ಹಾಲಿನವರಿಗೆ ದಿನ ಶುರುವಾಗುವ ಹೊತ್ತೇ ಅದು. ಐದು ಗಂಟೆಗೆ ಕ್ಯಾನ್ ಹಿಡಿದು ಬಂದ ಸದಸ್ಯೆಯ ಹಾಲು ಹಿಂದಿನ ದಿನಕ್ಕೆ, ಐದೂಮುಕ್ಕಾಲಕ್ಕೆ ಬಂದವರದು ಇವತ್ತಿಗೆ. ಬಟವಾಡೆಯ ಕೊನೆಯ ದಿನದ ಗಡಿಯಲ್ಲಿ ಇದು ದುಡ್ಡಿನ ಪ್ರಶ್ನೆ. ರಿಪೋರ್ಟಿನ ದಿನವನ್ನು ಕೋಲ್ಕತಾ ವಲಯದ ಸಮಯದಲ್ಲೇ ಕತ್ತರಿಸಬೇಕು.

ನಲ್‌ನ ವಿಷಯವೂ ಇದೆ, ಅಂದರೆ ಬೆಲೆಯೇ ತುಂಬದ ಜಾಗ. ಒರಾಕಲ್‌ಗೆ ಖಾಲಿ ಸ್ಟ್ರಿಂಗೂ ನಲ್ಲೂ ಒಂದೇ, ಪೋಸ್ಟ್‌ಗ್ರೆಸ್‌ಗೆ ಬೇರೆಬೇರೆ. ನಮ್ಮಲ್ಲಿ ಇನಿಷಿಯಲ್ ಇಲ್ಲದವರು, ಒಂದೇ ಹೆಸರಿನವರು ಎಷ್ಟು ಜನ! ಇನಿಷಿಯಲ್ಲಿಗೆ ಹೆಸರು ಜೋಡಿಸುವ ಸಾಲು ಒರಾಕಲ್‌ನಲ್ಲಿ ಹೆಸರನ್ನಷ್ಟೇ ಕೊಡುತ್ತಿತ್ತು. ಪೋಸ್ಟ್‌ಗ್ರೆಸ್‌ನಲ್ಲಿ ನಲ್ ಸೇರಿದರೆ ಇಡೀ ಹೆಸರೇ ನಲ್. ಈ ನಲ್ ವೇಗವನ್ನೂ ಕಾಡುತ್ತದೆ. 'ಈ ಪಾಳಿಯಲ್ಲಿ ಹಾಲು ಹಾಕದ ಸದಸ್ಯರು' ಎಂಬ ಪಟ್ಟಿಯನ್ನು ನಾಟ್ ಇನ್ ಎಂದು ಬರೆದಿದ್ದರೆ ಒರಾಕಲ್ ನಲ್‌ಗಳನ್ನು ಸಂಭಾಳಿಸಿಕೊಂಡೇ ಅದನ್ನು ಜಾಯಿನ್ ಆಗಿ ತಿರುಗಿಸಬಲ್ಲದು. ಪೋಸ್ಟ್‌ಗ್ರೆಸ್ ಒಳಗಿನ ಪಟ್ಟಿಯನ್ನು ಮೆಮೊರಿಯಲ್ಲಿ ಹಿಡಿಸಲು ನೋಡುತ್ತದೆ, ಹಿಡಿಸದಿದ್ದರೆ ಪ್ರತಿ ಸದಸ್ಯರಿಗೂ ಆ ಪಟ್ಟಿಯನ್ನು ಹೊಸದಾಗಿ ಜಾಲಾಡುತ್ತದೆ. ನಾಟ್ ಎಕ್ಸಿಸ್ಟ್ಸ್ ಎಂದು ತಿರುಗಿಸಿ ಬರೆದರೆ ಆ ಸಂಕಟ ತಪ್ಪುತ್ತದೆ. ನಲ್ ಇರುವ ಕಡೆ ಎರಡರ ಅರ್ಥ ಬೇರೆಯಾದ್ದರಿಂದ ನೋಡಿಕೊಂಡು ಬರೆಯಬೇಕು.

ಬಟವಾಡೆಯಲ್ಲಿ ಹೆಚ್ಚು ಹೊತ್ತು ತಿನ್ನುವುದು ಮಾತ್ರ ದರದ ಫಂಕ್ಷನ್ ಎಂದು ನನಗೆ ಅನಿಸುತ್ತದೆ. ಫ್ಯಾಟ್, ಎಸ್‌ಎನ್‌ಎಫ್, ತಾರೀಖು ಕೊಟ್ಟರೆ ದರಪಟ್ಟಿ ನೋಡಿ ಲೀಟರಿಗೆ ಎಷ್ಟು ಎಂದು ಹೇಳುವ ಪುಟ್ಟ ಫಂಕ್ಷನ್. ಬರೆದವರು ಒಳ್ಳೆಯ ಕೆಲಸವನ್ನೇ ಮಾಡಿದ್ದಾರೆ, ಲೆಕ್ಕ ಒಂದೇ ಕಡೆ ಇದೆ. ಆದರೆ ಅದು ಪ್ರತಿ ಸಾಲಿಗೂ ಓಡಬೇಕು. ಫ್ಯಾಟನ್ನು ಒಂದು ದಶಮಾಂಶಕ್ಕೆ ಬರೆದುಕೊಳ್ಳುವಾಗ 3.5, 8.5ರಂಥ ಜೋಡಿಗಳು ಮತ್ತೆಮತ್ತೆ ಬರುತ್ತವೆ. ಬೇರೆಬೇರೆ ಜೋಡಿಗಳು ಹೆಚ್ಚೆಂದರೆ ಕೆಲವು ನೂರು. ಫಂಕ್ಷನ್ನನ್ನು ಉಪಕ್ವೆರಿಯೊಳಗೆ ಇಟ್ಟರೆ ಒರಾಕಲ್ ಒಮ್ಮೆ ಕಂಡ ಉತ್ತರವನ್ನು ನೆನಪಿಟ್ಟುಕೊಂಡು ಮತ್ತೆ ಕೊಡುತ್ತದೆ. ಪೋಸ್ಟ್‌ಗ್ರೆಸ್ ಅಂಥ ಉಪಕ್ವೆರಿಯ ಉತ್ತರವನ್ನು ನೆನಪಿಡುವುದಿಲ್ಲ, ಅದೇ 3.5 ಮತ್ತು 8.5ಕ್ಕೆ ಲಕ್ಷ ಸಲ ದರಪಟ್ಟಿ ತೆರೆಯುತ್ತದೆ. ದರಪಟ್ಟಿ ಹೇಗೂ ಒಂದು ಟೇಬಲ್ಲೇ. ಫಂಕ್ಷನ್ ಬಿಟ್ಟು ಅದನ್ನು ನೇರವಾಗಿ ಜಾಯಿನ್ ಮಾಡಿದರೆ, ಆ ಕೆಲವು ನೂರು ಸಾಲುಗಳು ಒಂದು ಸಣ್ಣ ಹ್ಯಾಶ್‌ನಲ್ಲಿ ಕೂತು ಕೆಲಸ ಮುಗಿಯುತ್ತದೆ.

ವಿಂಗಡಣೆಗೆ ಬಂದರೆ, ಒಂದು ಸಾರ್ಟ್‌ಗೆ ಪೋಸ್ಟ್‌ಗ್ರೆಸ್ ಡೀಫಾಲ್ಟಾಗಿ ಕೊಡುವ ಮೆಮೊರಿ 4 ಎಂಬಿ. ಮೀರಿದ್ದು ಡಿಸ್ಕಿಗೆ ಹೋಗುತ್ತದೆ, ಪ್ಲಾನಿನಲ್ಲಿ ಅದು ಕಾಣುತ್ತದೆ. ಎಲ್ಲರಿಗೂ ಏರಿಸುವ ಬದಲು ರಿಪೋರ್ಟಿನ ಸೆಷನ್‌ಗೆ ಮಾತ್ರ ಏರಿಸುವುದು ಒಳ್ಳೆಯದು. ಎಂಟಕ್ಕಿಂತ ಹೆಚ್ಚು ಟೇಬಲ್‌ಗಳನ್ನು ಜಾಯಿನ್ ಎಂದೇ ಬರೆದು ಸೇರಿಸಿದ್ದರೆ ಪೋಸ್ಟ್‌ಗ್ರೆಸ್ ನೀವು ಬರೆದ ಕ್ರಮವನ್ನೇ ಬಹುಮಟ್ಟಿಗೆ ಹಿಡಿಯುತ್ತದೆ. ಆ ಮಿತಿಯನ್ನೂ ಅದೇ ಸೆಷನ್ನಿನಲ್ಲಿ ಏರಿಸಿ ನೋಡಬಹುದು. ಕನ್ನಡದ ಹೆಸರುಗಳಿದ್ದರೆ ಇನ್ನೊಂದು ಮಾತು. ಯುನಿಕೋಡ್ ಸಂಖ್ಯೆಯ ಕ್ರಮದಲ್ಲಿ ಳಕಾರ ಲಕಾರದ ಪಕ್ಕದಲ್ಲೇ ಕೂತಿದೆ, ವಕಾರಕ್ಕಿಂತ ಮೊದಲು. ನಮ್ಮ ವರ್ಣಮಾಲೆಯಲ್ಲಿ ಅದು ಹಕಾರದ ನಂತರ. ಬೈಟುಗಳ ಹೋಲಿಕೆ ಬಲು ವೇಗ, ಆದರೆ ಓದುವವರ ಕ್ರಮ ಅದಲ್ಲ. ಭಾಷೆಯ ನಿಯಮದಂತೆ ಹೋಲಿಸುವುದು ನಿಧಾನ. ಎರಡನ್ನೂ ಉಳಿಸಿಕೊಳ್ಳಲು ದಾರಿಯಿದೆ: ಕೋಟಿ ಸಾಲುಗಳನ್ನು ಸೊಸೈಟಿಯ ಕೋಡಿನ ಮೇಲೆ ಗುಂಪು ಮಾಡಿ ಮೊತ್ತ ಹಾಕಿ, ಹೆಸರನ್ನು ಆಮೇಲೆ ಜೋಡಿಸಿ, ಉಳಿದ ಕೆಲವೇ ಸಾಲುಗಳನ್ನು ಕನ್ನಡದ ಕ್ರಮದಲ್ಲಿ ವಿಂಗಡಿಸಿ. ರಿಪೋರ್ಟ್ ಬರೆಯುವವರು ಕೋಡಿನ ಬದಲು ಹೆಸರಿನ ಮೇಲೇ ಗುಂಪು ಮಾಡುವ ಅಭ್ಯಾಸ ಬಿಟ್ಟರೆ ಯಾವ ಡೇಟಾಬೇಸಿನಲ್ಲಾದರೂ ಲಾಭವೇ.

ಹಿಂಟ್ ಬೇಕೇ ಬೇಕು ಎನ್ನುವವರಿಗೆ ಪಿಜಿ ಹಿಂಟ್ ಪ್ಲಾನ್ ಎಂಬ ಎಕ್ಸ್‌ಟೆನ್ಷನ್ ಇದೆ. ಮೂಲ ಪೋಸ್ಟ್‌ಗ್ರೆಸ್ ಮಾತ್ರ ಹಿಂಟುಗಳನ್ನು ಒಳಗೆ ಸೇರಿಸಿಕೊಂಡಿಲ್ಲ. ಈ ವಿಷಯದಲ್ಲಿ ನಾನು ಪೋಸ್ಟ್‌ಗ್ರೆಸ್ ಕಟ್ಟುವವರ ಪಕ್ಷ. ಹಿಂಟ್ ಎನ್ನುವುದು ಇವತ್ತಿನ ಮಾಹಿತಿಗೆ ಹೊಂದುವ ಆಜ್ಞೆ. ಸೊಸೈಟಿಗಳು ಹೆಚ್ಚುತ್ತವೆ, ಹಾಲು ಹೆಚ್ಚುತ್ತದೆ, ಆಜ್ಞೆ ಅಲ್ಲೇ ನಿಂತಿರುತ್ತದೆ. ಬಟವಾಡೆಯ ಹಿಂದಿನ ರಾತ್ರಿ ಬೇರೆ ದಾರಿಯೇ ಇಲ್ಲದಾಗ ಹಾಕಿ, ಬೇಡವೆನ್ನಲಾರೆ. ಅಂದಾಜು ಯಾಕೆ ತಪ್ಪಿತು ಎಂದು ಹುಡುಕುವ ಕೆಲಸ ಆಮೇಲೂ ಬಾಕಿ ಇರುತ್ತದೆ.

ವೇಗದ ಆಸೆಯಲ್ಲಿ ಒಂದು ಕೆಲಸ ಮಾತ್ರ ಮಾಡಬಾರದು. ಒರಾಕಲ್‌ನ ನಂಬರ್ ಪೋಸ್ಟ್‌ಗ್ರೆಸ್‌ನಲ್ಲಿ ನ್ಯೂಮೆರಿಕ್ ಆಗಿ ಬಂದರೆ ಲೆಕ್ಕ ಕರಾರುವಾಕ್ಕು, ಆದರೆ ಸ್ವಲ್ಪ ನಿಧಾನ. ಅದನ್ನು ಡಬಲ್ ಪ್ರಿಸಿಷನ್ ಮಾಡಿದರೆ ಮೊತ್ತ ಬೇಗ ಬರುತ್ತದೆ ಎಂದು ಯಾರಾದರೂ ಸಲಹೆ ಕೊಟ್ಟೇ ಕೊಡುತ್ತಾರೆ. 0.1 ರೂಪಾಯಿಯನ್ನು ಕೂಡ ಸರಿಯಾಗಿ ಹಿಡಿದಿಡಲಾರದ ಬಗೆ ಅದು. ಲಕ್ಷ ಸಾಲು ಕೂಡುವಾಗ ಪೈಸೆಗಳು ಕದಲುತ್ತವೆ. ಬಟವಾಡೆಗೆ ಅದು ಸಲ್ಲದು. ಕೋಡು, ಸದಸ್ಯರ ಸಂಖ್ಯೆಗಳನ್ನು ಬೇಕಾದರೆ ಬಿಗ್‌ಇಂಟ್ ಮಾಡಿ, ಜಾಯಿನ್ ಹಗುರವಾಗುತ್ತದೆ; ಆದರೆ ಎರಡು ಕಡೆಯ ಟೇಬಲ್ಲಿನಲ್ಲೂ ಒಂದೇ ಬಗೆ ಇರಲಿ, ಹೊರಗಿನಿಂದ ಬರುವ ಪ್ಯಾರಾಮೀಟರೂ ಅದೇ ಬಗೆಯದಿರಲಿ. ಬಿಗ್‌ಇಂಟ್ ಕಾಲಮ್ಮಿಗೆ ನ್ಯೂಮೆರಿಕ್ ಹೋಲಿಸಿದರೆ ಇಂಡೆಕ್ಸ್ ಮತ್ತೆ ಕೈತಪ್ಪುತ್ತದೆ.

ಆದ್ದರಿಂದ ತಿದ್ದುವ ಮೊದಲು, ಈಗಾಗಲೇ ಮುಗಿದುಹೋದ ಒಂದು ಹದಿನೈದು ದಿನದ ಬಟವಾಡೆಯನ್ನು ಹಳೆಯ ಒರಾಕಲ್‌ನಿಂದ ತೆಗೆದು ಹೊಸದರಲ್ಲಿ ಒಂದು ಟೇಬಲ್ಲಾಗಿ ತುಂಬಿಡಿ. ಹೊಸ ಕ್ವೆರಿಯ ಫಲಿತಾಂಶದಿಂದ ಅದನ್ನು ಕಳೆಯಿರಿ, ಅದರಿಂದ ಇದನ್ನೂ ಕಳೆಯಿರಿ. ಒರಾಕಲ್‌ನಲ್ಲಿ ಮೈನಸ್ ಎಂದು ಬರೆಯುತ್ತಿದ್ದದ್ದನ್ನು ಇಲ್ಲಿ ಎಕ್ಸೆಪ್ಟ್ ಎಂದು ಬರೆಯಬೇಕು. ಎರಡು ಕಡೆಯಿಂದಲೂ ಒಂದು ಸಾಲೂ ಉಳಿಯದಿದ್ದಾಗ ಸಮಯ ಅಳೆಯಲು ಶುರುಮಾಡಬಹುದು.